ಹನ್ನೊಂದು ದಿನದ ಕಿಟಕಿ

ನಮ್ಮ ಊರಿನ ಕೋಟೆ ನೋಡಲು ಬಂದವರು ಮೊದಲು ಬೆಟ್ಟದ ಕಡೆ ಮುಖ ಮಾಡಿ ನಿಲ್ಲುತ್ತಾರೆ. ನಾನು ಅವರನ್ನು ತಿರುಗಿಸಿ ನೆಲ ತೋರಿಸುತ್ತೇನೆ. ಬೆಟ್ಟದ ನೆತ್ತಿಯ ಮೇಲೆ ಏನೂ ಇಲ್ಲ. ಬೋಳು ಬಂಡೆ, ನಾಲ್ಕು ಕಳ್ಳಿ ಗಿಡ, ಕುರಿ ಕಾಯುವವರು ಹೂಡಿ ಬಿಟ್ಟುಹೋದ ಒಲೆಯ ಮೂರು ಕಲ್ಲು, ಅಷ್ಟೇ. ಕೋಟೆ ಇರುವುದು ಕೆಳಗೆ, ಅದೂ ಸಂಜೆ ನಾಲ್ಕರ ಮೇಲೆ. ಹೊತ್ತು ಪಡುವಣಕ್ಕೆ ಜಾರಿದಂತೆ ಬೆಟ್ಟದ ನೆರಳು ಊರೊಳಗೆ ಇಳಿಯುತ್ತದೆ, ಅದರ ಅಂಚಿಗೆ ಕೋಟೆಯ ನೆರಳು. ಗೋಡೆಯ ನೆತ್ತಿಗೆ ಸಾಲು ತೆನೆ, ಏಳು ಕೊತ್ತಳ, ಹೆಬ್ಬಾಗಿಲು, ಉಗ್ರಾಣ, ಎರಡು ಅಂತಸ್ತಿನ ಅರಮನೆ. ಬಾಗಿಲು ಕಿಟಕಿ ಇರಬೇಕಾದ ಕಡೆ ಬಿಸಿಲು ಹಾದು ಬಂದು ನೆಲದ ಮೇಲೆ ಅದೇ ಆಕಾರದಲ್ಲಿ ಬೀಳುತ್ತದೆ.

ಕೋಟೆ ತೋರಿಸುವುದು ನಮ್ಮ ಮನೆತನದ ಕೆಲಸ. ನನ್ನಪ್ಪ ಭರಮಪ್ಪ ನಲವತ್ತು ವರ್ಷ ತೋರಿಸಿದ. ಅವನ ಮೊಣಕಾಲು ಹೋದ ಮೇಲೆ ನಾನು, ಚಂಪವ್ವ, ಊರ ಬಾಯಲ್ಲಿ ಚಂಪಕ್ಕ. ಬೇರೆ ಕೋಟೆಗಳಲ್ಲಿ ಗೈಡುಗಳು ನಿಂತ ಕಲ್ಲಿನ ಸುತ್ತ ಜನರನ್ನು ಅಡ್ಡಾಡಿಸುತ್ತಾರೆ. ಇಲ್ಲಿ ಕೋಟೆಯೇ ನಡೆಯುತ್ತದೆ, ನಾವು ಅದರ ಜೊತೆ ನಡೆಯಬೇಕು. ಮೊದಲ ಒಂದು ತಾಸು ಇರುವೆಯ ಹಾಗೆ ಸರಿಯುತ್ತದೆ, ನಿಂತು ನಿಂತು ಮಾತಾಡಬಹುದು. ಕೊನೆಯ ಕಾಲು ಗಂಟೆ ಮಾತ್ರ ಕಟ್ಟು ಬಿಚ್ಚಿದ ಕರುವಿನಂತೆ ಓಡುತ್ತದೆ. ಎಷ್ಟೋ ಜನ ದಪ್ಪ ದಪ್ಪ ಸಾಹೇಬರು ಅರಮನೆಯ ಹಿಂದೆ ಓಡಿ ಓಡಿ, ಊರಾಚೆಯ ಹೊಲದಲ್ಲಿ ಉಸಿರು ಬಿಡುತ್ತ ಕುಕ್ಕರಿಸಿದ್ದನ್ನು ನೋಡಿದ್ದೇನೆ.

ಇತಿಹಾಸ ಹೇಳದೆ ಬಿಟ್ಟರೆ ಬಂದವರಿಗೆ ಸಮಾಧಾನವಿಲ್ಲ. ಆರು ನೂರು ವರ್ಷದ ಹಿಂದೆ ಬೂದಿಯಪ್ಪ ನಾಯಕ ಎಂಬ ಪಾಳೆಯಗಾರ ಕಟ್ಟಿಸಿದ್ದು. ಅವನ ಮೊಮ್ಮಗನ ಕಾಲಕ್ಕೆ ದೊಡ್ಡ ದಂಡು ಬಂದು ಬೆಟ್ಟದ ಸುತ್ತ ಡೇರೆ ಹಾಕಿತು. ಹದಿನಾಲ್ಕು ತಿಂಗಳು ಮುತ್ತಿಗೆ. ಮೇಲೆ ಉಗ್ರಾಣದಲ್ಲಿ ಜೋಳ ತೀರಿತು, ಎಣ್ಣೆ ತೀರಿತು. ಒಂದು ಬೆಳಿಗ್ಗೆ ದಂಡಿನವರು ಏಣಿ ಹಚ್ಚಲು ಹತ್ತಿ ಹೋದರೆ ಬೋಳು ಬಂಡೆ. ಸಂಜೆ ಇಳಿದು ಬಂದರೆ ಕಾಲ ಕೆಳಗೆ ನೆರಳು. ಮೂರು ದಿನ ನೆರಳಿನೊಳಗೇ ಅಡ್ಡಾಡಿ, ಗೆದ್ದೆವೋ ಸೋತೆವೋ ತಿಳಿಯದೆ, ನಾಲ್ಕನೆಯ ದಿನ ಡೇರೆ ಕಿತ್ತುಕೊಂಡು ಹೋದರಂತೆ. ಕೋಟೆ ಹೇಗೆ ಹೋಯಿತು ಎಂದು ಯಾರಾದರೂ ಕೇಳಿದರೆ ಅಪ್ಪ, "ಹೆಂಗ ಹೋತು ಅಂತ ಕೇಳಬ್ಯಾಡ್ರಿ ಸಾಹೇಬ್ರ, ನೆರಳು ಹೆಂಗ ಉಳೀತು ಅಂತ ಕೇಳ್ರಿ" ಅನ್ನುತ್ತಿದ್ದ. ಅದನ್ನೇ ಕೇಳಿದರೆ ಚಹಾದಂಗಡಿ ತೋರಿಸುತ್ತಿದ್ದ.

ಊರು ಇದಕ್ಕೆ ಹೊಂದಿಕೊಂಡಿದೆ. ನೆರಳಿನ ಗೋಡೆಯನ್ನು ನಾವು ತುಳಿಯುವುದಿಲ್ಲ. ಸಂಜೆ ಕೊಡ ಹಿಡಿದು ಬಾವಿಗೆ ಹೋಗುವ ಹೆಂಗಸು ಎದುರಿಗೆ ಬಾವಿ ಇದ್ದರೂ ಸುತ್ತು ಹಾಕಿ ಹೆಬ್ಬಾಗಿಲಿನ ಬಿಸಿಲಿನೊಳಗಿಂದಲೇ ಬರುತ್ತಾಳೆ. ಕಿಟಕಿಯ ಬಿಸಿಲಿಗೆ ಕಾಲಿಡುವುದಂತೂ ಇಲ್ಲವೇ ಇಲ್ಲ, ಕಿಟಕಿಯಿಂದ ಮನೆಯೊಳಗೆ ಬರುವವನು ಕಳ್ಳ. ಹೊತ್ತು ವರ್ಷವಿಡೀ ಒಂದೇ ಕಡೆ ಮುಳುಗುವುದಿಲ್ಲವಾದ್ದರಿಂದ ನೆರಳೂ ದಕ್ಷಿಣದಿಂದ ಉತ್ತರಕ್ಕೆ, ಉತ್ತರದಿಂದ ದಕ್ಷಿಣಕ್ಕೆ ಓಣಿ ಓಣಿ ತಿರುಗುತ್ತದೆ. ಬೇಸಿಗೆಯಲ್ಲಿ ಬಡಿಗೇರ ಓಣಿಗೆ ಅರಮನೆ ಬಂತೆಂದರೆ ಅಲ್ಲಿಯವರ ನಡಿಗೆಯೇ ಬೇರೆ. ಮತ್ತೊಂದು ಕಟ್ಟಳೆ: ಯಾರೇ ಹೊಸ ಗೋಡೆ ಎಬ್ಬಿಸಬೇಕಾದರೂ ಆ ಗೋಡೆಯ ಹಿಂದೆ ಯಾರ ಮನೆಗೆ ನೆರಳು ತಪ್ಪುತ್ತದೋ ಅವರ ಒಪ್ಪಿಗೆ ಬೇಕು. ಗೋಡೆ ಕಟ್ಟುವವರು ಎಲೆ ಅಡಿಕೆ ತಂದು ಅವರ ಮನೆಯ ಕಟ್ಟೆಯ ಮೇಲೆ ಇಟ್ಟು ಹೋಗುತ್ತಾರೆ. ಎತ್ತಿಕೊಂಡರೆ ಒಪ್ಪಿದಂತೆ. ಒಣಗಲು ಬಿಟ್ಟರೆ ಇಲ್ಲ.

ನಮ್ಮ ಮನೆ ಊರಿನ ಉತ್ತರದ ತುದಿಯಲ್ಲಿ ಕೊನೆಯದು. ವರ್ಷದಲ್ಲಿ ಹನ್ನೊಂದೇ ದಿನ, ಚಳಿಗಾಲದಲ್ಲಿ ಹೊತ್ತು ದಕ್ಷಿಣದ ತುದಿ ಮುಟ್ಟಿ ತಿರುಗುವಾಗ, ಕೋಟೆ ನಮ್ಮವರೆಗೆ ಬರುತ್ತದೆ. ಬಂದರೂ ಏನು ಬರುತ್ತದೆ, ಅರಮನೆಯ ಮಹಡಿಯ ಒಂದು ಕಿಟಕಿ. ಒಂದು ಕಾಲು ಗಂಟೆ ನಮ್ಮ ಅಂಗಳದಲ್ಲಿ ಇದ್ದು ಹೋಗುತ್ತದೆ. ಚಿಕ್ಕವಳಿದ್ದಾಗ ನನಗೆ ಇದು ದೊಡ್ಡ ಅನ್ಯಾಯ ಅನ್ನಿಸುತ್ತಿತ್ತು. ಕುಂಬಾರ ಓಣಿಯವರಿಗೆ ಇಡೀ ಉಗ್ರಾಣ, ನಮಗೆ ಒಂದು ಖಾಲಿ ಕಿಟಕಿ.

ಗುರುಸಿದ್ಧ ಬಂದಾಗ ನನಗೆ ಇಪ್ಪತ್ತಾರು. ನಕ್ಷೆ ಬರೆಯುವ ಕೆಲಸದವರು, ದೂರದ ಪಟ್ಟಣದವರು. ಅಲ್ಲಿ ಯಾರೋ ದೊಡ್ಡವರಿಗೆ ಬೆಟ್ಟದ ಮೇಲೆ ಕೋಟೆಯನ್ನು ಮತ್ತೆ ಕಟ್ಟಬೇಕೆಂಬ ಆಸೆ ಹುಟ್ಟಿತ್ತು. ಕಲ್ಲು ಉಳಿದಿಲ್ಲ, ಹಳೆಯ ಚಿತ್ರವೂ ಇಲ್ಲ, ಇರುವುದು ನೆರಳೊಂದೇ. ಅದನ್ನೇ ಅಳೆದು ನಕ್ಷೆ ಮಾಡಿ ತಾ ಎಂದು ಇವರನ್ನು ಕಳಿಸಿದ್ದರು. ಸಪೂರ ಮನುಷ್ಯ, ಕಿವಿ ಸ್ವಲ್ಪ ದೊಡ್ಡವು, ಬೆರಳ ತುಂಬ ಮಸಿ. ಅಪ್ಪ ನಮ್ಮ ಮನೆಯ ಮುಂಭಾಗದ ಕೋಣೆ ಕೊಟ್ಟ. ಕೋಟೆಯನ್ನು ಒಂದು ದಿನದಲ್ಲಿ ಅಳೆಯಲು ಆಗುವುದಿಲ್ಲ, ಒಂದು ವರ್ಷ ಬೇಕು, ಯಾಕೆಂದರೆ ಅದರ ಒಂದೊಂದು ಭಾಗ ಒಂದೊಂದು ಕಾಲದಲ್ಲಿ ಚೊಕ್ಕವಾಗಿ ಬೀಳುತ್ತದೆ.

ಮೊದಲ ದಿನವೇ ಜಗಳ. ನಾನು ಜನರಿಗೆ, "ಇಲ್ಲಿ ನಲವತ್ತು ಮೊಳ ಆಳದ ಕಂದಕ ಇತ್ತು" ಎಂದು ಹೇಳುತ್ತಿದ್ದೆ. ಇವರು ಹಿಂದೆ ನಿಂತು ಕೇಳಿಸಿಕೊಂಡು, ಜನ ಹೋದ ಮೇಲೆ ಮೆಲ್ಲಗೆ, "ಕಂದಕಕ್ಕೆ ನೆರಳೆಲ್ಲಿಂದ ಬರತ್ತೆ? ಅದು ಗುಂಡಿ ಅಲ್ವಾ. ನಲವತ್ತು ಅಂತ ಹೇಗೆ ಗೊತ್ತಾಯ್ತು ನಿಮಗೆ?" ಅಂದರು.

"ನಮ್ಮಪ್ಪ ಹೇಳ್ಯಾನ."

"ಅವರಿಗೆ?"

"ಅವರಪ್ಪ ಹೇಳ್ಯಾನ. ನಿಮಗ ಬ್ಯಾರೆ ಲೆಕ್ಕ ಬೇಕಿದ್ರ ಇಳದು ನೋಡ್ಕೊಂಡು ಬರ್ರಿ."

ಅವರು ನಗಲಿಲ್ಲ, ಸಿಟ್ಟೂ ಆಗಲಿಲ್ಲ. ಪುಸ್ತಕ ತೆಗೆದು, "ಕಂದಕ: ನಲವತ್ತು ಮೊಳ, ಚಂಪಾ ಅವರ ಮಾತಿನ ಮೇಲೆ" ಎಂದು ಬರೆದುಕೊಂಡರು. ನನ್ನ ಮಾತನ್ನು ಯಾರಾದರೂ ಬರೆದಿಟ್ಟುಕೊಂಡದ್ದು ಅದೇ ಮೊದಲು. ಅವತ್ತಿನಿಂದ ಸಂಜೆಯ ಅಳತೆಗೆ ಹುರಿಯ ಇನ್ನೊಂದು ತುದಿ ಹಿಡಿಯಲು ನಾನೇ ಹೋಗತೊಡಗಿದೆ.

ಮೊಳಕ್ಕೊಂದು ಗಂಟು ಹಾಕಿದ ಉದ್ದನೆಯ ಹತ್ತಿಯ ಹುರಿ ಅದು. ನೆರಳು ಮಾಳಿಗೆ ಹತ್ತಿ ಇಳಿದು, ದನದ ಕೊಟ್ಟಿಗೆ ಹಾದು, ಗೋಡೆಯಾಚೆ ಹೋಗುತ್ತಿತ್ತು. ಹುರಿಯ ಒಂದು ತುದಿಗೆ ನಾನು, ಇನ್ನೊಂದು ತುದಿಗೆ ಅವರು, ನಡುವೆ ನಾಲ್ಕು ಮನೆ. ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ, ಕೂಗಿದರೆ ಕೇಳುತ್ತಿರಲಿಲ್ಲ. ಅದಕ್ಕೆ ಅವರೊಂದು ಗುರುತು ಹೇಳಿಕೊಟ್ಟರು. ಒಂದು ಸಲ ಜಗ್ಗಿದರೆ ಬಿಗಿಯಾಗಿ ಹಿಡಿ ಅಂತ. ಎರಡು ಸಲ ಜಗ್ಗಿದರೆ ಆಯಿತು, ಬಿಡು ಅಂತ. ವರ್ಷವಿಡೀ ನಾವು ಆಡಿದ ಮಾತಿಗಿಂತ ಜಗ್ಗಿದ್ದೇ ಹೆಚ್ಚು. ಯಾರದೋ ಹಿತ್ತಲಲ್ಲಿ ಎಮ್ಮೆಯ ಪಕ್ಕ ನಿಂತು ಅಂಗೈಯಲ್ಲಿ ಹುರಿ ಸುತ್ತಿಕೊಂಡು ನಾನು ಕಾಯುತ್ತಿದ್ದೆ. ಒಂದು ಸಲ ಜಗ್ಗಿದಾಗ ಮೈಯೆಲ್ಲ ಎಚ್ಚರವಾಗುತ್ತಿತ್ತು. ಎರಡು ಸಲ ಜಗ್ಗಿದಾಗ, ನಿಜ ಹೇಳುತ್ತೇನೆ, ಬಿಡಲು ಮನಸ್ಸಾಗುತ್ತಿರಲಿಲ್ಲ. ಒಂದೆರಡು ಸಲ ಬಿಡದೆ ಹಾಗೇ ಹಿಡಿದುಕೊಂಡೆ. ಅವರು ಆ ತುದಿಯಲ್ಲಿ ಸುಮ್ಮನೆ ನಿಂತಿದ್ದರು, ಮತ್ತೆ ಜಗ್ಗಲಿಲ್ಲ. ಅದರ ಬಗ್ಗೆ ಆಮೇಲೆ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಚಳಿಗಾಲ ಬಂದು, ಅಳೆಯಲು ಉಳಿದದ್ದು ನಮ್ಮ ಅಂಗಳದ ಕಿಟಕಿಯೊಂದೇ. ಅದು ಬರುವ ಹಿಂದಿನ ದಿನ ಅವರು ಕಟ್ಟೆಯ ಮೇಲೆ ಕೂತು ಪೆನ್ಸಿಲ್ ಕೆತ್ತುತ್ತ, "ಮೇಲೆ ಕೋಟೆ ಕಟ್ಟಿದಾಗ ಈ ಕಿಟಕಿ ಒಳಗಡೆ ಒಂದು ಕಟ್ಟೆ ಹಾಕಿಸ್ತೀನಿ. ನೀವು ಕೂತ್ಕೊಂಡು ಊರು ನೋಡಬಹುದು" ಅಂದರು.

"ನಾನ್ಯಾಕ ಅಲ್ಲಿ ಹೋಗಿ ಕೂಡ್ಲಿ? ನನಗ ಇಲ್ಲಿ ಕೆಲಸ ಇಲ್ಲೇನು?" ಅಂದೆ.

ಅವರು ತಲೆಯೆತ್ತಿ ನೋಡಿ, ಹೌದು ಎಂಬಂತೆ ಗೋಣು ಹಾಕಿ, ಮತ್ತೆ ಪೆನ್ಸಿಲ್ ಕೆತ್ತಿದರು. ಎದುರಿಗೆ ಬಹುವಚನ ಹಚ್ಚಿ ಮಾತಾಡಿದರೂ ಮನಸ್ಸಿನೊಳಗೆ ಅವನು ಎಂದೋ 'ಅವನು' ಆಗಿದ್ದ. ನನಗೆ ಅವನು ಬೇಕಾಗಿದ್ದ. ಹೂಂ ಅನ್ನಲು ಎಷ್ಟು ಹೊತ್ತು ಬೇಕು. ನನ್ನ ನಾಲಿಗೆ ಮಾತ್ರ ನಮ್ಮಪ್ಪನದು, ಮೊದಲು ಉತ್ತರ ಕೊಟ್ಟು ಆಮೇಲೆ ಯೋಚಿಸುವುದು.

ಮರುದಿನ ಮಧ್ಯಾಹ್ನ ಅವನು ಚೀಲ, ಹುರಿ ತೆಗೆದುಕೊಂಡು ಬೆಟ್ಟ ಹತ್ತಿದ. ಕಿಟಕಿ ಇರಬೇಕಾದ ಜಾಗದ ಕೆಳಗೆ ನಿಂತು ಗೂಟ ನೆಡುವುದು ಅವನ ಲೆಕ್ಕ. ಹೋಗುವಾಗ, "ಕಿಟಕಿ ಬಂದಾಗ ಅಂಚಿಗೆ ಸುಣ್ಣದ ಗೆರೆ ಹಾಕಿ. ನಾನು ಮೇಲಿಂದ ನೋಡ್ತಾ ಇರ್ತೀನಿ" ಅಂದ. ನಾನು ಸುಣ್ಣದ ಬಟ್ಟಲು ಹಿಡಿದು ಅಂಗಳದಲ್ಲಿ ಕೂತೆ. ಅಪ್ಪ ಕಂಬಕ್ಕೆ ಒರಗಿ ಕೂತಿದ್ದ. ನೆರಳು ಬಂತು, ಕಿಟಕಿಯ ಬಿಸಿಲು ಬಂತು. ಬಿಸಿಲಿನ ನಡುವೆ ಒಬ್ಬ ಮನುಷ್ಯನ ನೆರಳು ನಿಂತಿತ್ತು.

ಅದು ಮಹಡಿಯ ಕಿಟಕಿ. ಬೋಳು ಬಂಡೆಯ ಮೇಲೆ ನಿಂತವನ ತಲೆ ಅಷ್ಟು ಎತ್ತರಕ್ಕೆ ಹೋಗಲು ಸಾಧ್ಯವೇ ಇಲ್ಲ. ಆದರೂ ಆ ಕಿವಿ ಅವನವೇ. ಬಲಗೈ ಮೇಲೆತ್ತಿ ಅಂಗೈ ಮುಂದೆ ಮಾಡಿದಂತೆ ನಿಂತಿದ್ದ. ನಮ್ಮ ಅಂಗಳದಲ್ಲಿ ಕಿಟಕಿಯ ಮೇಲಿನ ಅರ್ಧ ಮಾತ್ರ ಬೀಳುತ್ತದೆ. ಕೆಳಗಿನರ್ಧ ಬೇಲಿಯಾಚೆ ಪಕ್ಕದವರ ಖಾಲಿ ಜಾಗದ ಕಲ್ಲು, ಜಾಲಿ ಮುಳ್ಳಿನ ಮೇಲೆ ಚೂರು ಚೂರಾಗಿ ಹೋಗುತ್ತದೆ. ನನಗೆ ಕಂಡದ್ದು ತಲೆ, ಭುಜ, ಆ ಎತ್ತಿದ ಕೈ. ನಾನು ಎದ್ದೆ. ಅಪ್ಪ ಹಿಂದಿನಿಂದ, "ಕಿಟಕ್ಯಾಗ ಕಾಲ ಇಡಬ್ಯಾಡ, ಚಂಪಾ" ಅಂದ. ಎದುರಿಗೆ ಆ ಕೈಯೂ ಅದನ್ನೇ ಹೇಳುತ್ತಿದ್ದಂತೆ ಕಂಡಿತು: ಅಲ್ಲೇ ನಿಲ್ಲು, ಬರಬೇಡ. ನಿಂತೆ. ಸುಣ್ಣದ ಗೆರೆ ಹಾಕಿದೆ. ಹೊತ್ತು ಮುಳುಗಿತು.

ಅವನು ಇಳಿದು ಬರಲಿಲ್ಲ. ಮರುದಿನ ಊರವರು ಹತ್ತಿ ನೋಡಿದರು. ಬಂಡೆಯ ಮೇಲೆ ಒಂದು ಜೊತೆ ಚಪ್ಪಲಿ, ಪಕ್ಕದಲ್ಲಿ ಚೀಲ, ಚೀಲದಲ್ಲಿ ಪೆನ್ಸಿಲ್ಲು, ಅರ್ಧ ತಿಂದ ರೊಟ್ಟಿ. ಹುರಿ ಮಾತ್ರ ಇರಲಿಲ್ಲ. ಮನೆಯೊಳಗೆ ಹೋಗುವಂತೆ ಚಪ್ಪಲಿಗಳನ್ನು ಒಪ್ಪವಾಗಿ ಬಿಟ್ಟಿದ್ದ. ಊರು ಹೆಚ್ಚು ಮಾತಾಡಲಿಲ್ಲ. ಒಳಗೆ ಹೋದ ಅಂದರು, ಕೋಟೆಗೂ ಒಬ್ಬ ಮನುಷ್ಯ ಬೇಕಲ್ಲ ಅಂದರು. ಪಟ್ಟಣದಿಂದ ಇಬ್ಬರು ಬಂದು ವಿಚಾರಿಸಿ ಹೋದರು. ಅರ್ಧವಾದ ನಕ್ಷೆಯ ಹಾಳೆಗಳನ್ನು ಯಾರೂ ಕೇಳಲಿಲ್ಲ. ಅವು ನನ್ನ ಟ್ರಂಕಿನಲ್ಲಿವೆ.

ಮುಂದಿನ ವರ್ಷ ಅದೇ ದಿನಗಳಲ್ಲಿ ಕಿಟಕಿ ಬಂತು, ಅದರೊಳಗೆ ಅವನೂ ಬಂದ. ಅದೇ ತಲೆ, ಅದೇ ಕೈ. ಅದರ ಮುಂದಿನ ವರ್ಷವೂ. ಹೀಗೆ ಇಪ್ಪತ್ತೇಳು ವರ್ಷ. ಅಪ್ಪ ತೀರಿಕೊಂಡ. ಸಂಬಂಧ ಕೇಳಿಕೊಂಡು ಬಂದವರನ್ನು ನನ್ನ ನಾಲಿಗೆ ಬಾಗಿಲಿಂದಲೇ ಕಳಿಸಿತು. ವರ್ಷದ ಮುನ್ನೂರ ಐವತ್ತನಾಲ್ಕು ದಿನ ನಾನು ಎಲ್ಲರಂತೆ ಇರುತ್ತಿದ್ದೆ, ಜನರನ್ನು ಓಡಿಸುತ್ತ, ಬೈಯುತ್ತ, ಕಂದಕ ನಲವತ್ತು ಮೊಳ ಅನ್ನುತ್ತ. ಆ ಹನ್ನೊಂದು ದಿನ ಮಾತ್ರ ಕೋಟೆ ತೋರಿಸಲು ಹೋಗುತ್ತಿರಲಿಲ್ಲ. ಮಧ್ಯಾಹ್ನವೇ ತಲೆ ಬಾಚಿ, ಅಂಗಳ ಸಾರಿಸಿ, ಕಿಟಕಿ ಬೀಳುವ ಜಾಗದ ಪಕ್ಕ ಮಣೆ ಹಾಕಿಕೊಂಡು ಕೂಡುತ್ತಿದ್ದೆ. ಅವನು ಬಂದು, ಬರಬೇಡ ಎಂದು ಕೈ ತೋರಿಸಿ ಹೋಗುತ್ತಿದ್ದ. ನನ್ನ ಕೂದಲು ಬೆಳ್ಳಗಾಯಿತು. ನೆರಳಿಗೆ ಬಿಳಿ ಕೂದಲು ಬರುವುದಿಲ್ಲ. ಹುಡುಗನಂಥವನ ಎದುರು ಮುದುಕಿ ಕೂತಿದ್ದೇನೆ ಎಂದು ನಾಚಿಕೆಯೂ ಆಗುತ್ತಿತ್ತು. ಒಂದೊಂದು ವರ್ಷ ಸಿಟ್ಟು ಬಂದು, ಬರಬೇಡ ಅಂದರೆ ಬರಬೇಡ ಹೋಗು, ನಾನೇನು ಬರುತ್ತೇನೆಂದು ಕೇಳಿದೆನೇ ಎಂದು ಜಗಳವನ್ನೂ ಆಡಿದ್ದೇನೆ. ಆದರೆ ಹನ್ನೆರಡನೆಯ ದಿನ ಅಂಗಳ ಬರೀ ಅಂಗಳವಾದಾಗ ಉಣ್ಣಲು ಆಗುತ್ತಿರಲಿಲ್ಲ.

ನಮ್ಮ ಪಡುವಣ ಬದಿಯ ಮನೆ ದಾದಾಪೀರನದು. ಪಿಂಜಾರರು. ಹತ್ತಿ ಹಿಂಜಿ ಗಾದಿ, ದಿಂಬು ಮಾಡುತ್ತಾರೆ. ದಾದಾಪೀರ ಹತ್ತಿ ಹಿಂಜುವ ಬಿಲ್ಲು ಬಾರಿಸಿದ್ದು ನಮ್ಮ ಮನೆಗೆ ದಿನವಿಡೀ ಕೇಳುತ್ತದೆ, ಅದಿಲ್ಲದಿದ್ದರೆ ನನಗೆ ಮಧ್ಯಾಹ್ನ ನಿದ್ದೆ ಬಾರದು. ಅವರಿಗೆ ಒಂದೇ ಕೋಣೆ. ಅದರಲ್ಲೇ ಹಿಂಜುವುದು, ಅದರಲ್ಲೇ ಅಡಿಗೆ, ಅದರಲ್ಲೇ ಮಲಗುವುದು. ಹತ್ತಿಯ ಧೂಳು ಅವನ ಹೆಂಡತಿ ಮಾಬೂಬಿಯ ಎದೆಯಲ್ಲಿ ಕೂತಿತ್ತು. ನಾಲ್ಕು ಮಾತಾಡಿದರೆ ಐದನೆಯದಕ್ಕೆ ಕೆಮ್ಮು. ಹಿಂಜಲು ಬೇರೆ ಕೋಣೆ ಇಲ್ಲದಿದ್ದರೆ ಇವಳು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಕಟ್ಟಲು ಇದ್ದ ಜಾಗ ಒಂದೇ, ನಮ್ಮ ಬೇಲಿಯಾಚೆಯ ಆ ಜಾಲಿ ಮುಳ್ಳಿನ ಖಾಲಿ ತುಂಡು. ಅಲ್ಲಿ ಗೋಡೆ ಎದ್ದರೆ ಕಿಟಕಿ ಆ ಗೋಡೆಗೇ ತಾಗಿ ನಿಲ್ಲುತ್ತದೆ. ನಮ್ಮ ಅಂಗಳಕ್ಕೆ ಮತ್ತೆಂದೂ ಬರುವುದಿಲ್ಲ.

ದಾದಾಪೀರ ಎಲೆ ಅಡಿಕೆ ತಂದು ಕಟ್ಟೆಯ ಮೇಲೆ ಇಟ್ಟ. ನಾನು ಮುಟ್ಟಲಿಲ್ಲ. ಮರುವರ್ಷ ಮತ್ತೆ ಇಟ್ಟ, ಅದೂ ಒಣಗಿತು. ಮೂರನೆಯ ವರ್ಷ ಇಟ್ಟು, ಹೋಗದೆ ನಿಂತು, "ಅಕ್ಕಾ, ನಿನಗ ತ್ರಾಸ ಕೊಡಬೇಕಂತ ಅಲ್ಲ. ಆಕಿಗಿ ಉಸರ ಹಿಡಿಯಾಕತ್ತೈತಿ" ಅಂದ.

"ಗೊತ್ತೈತಿ ತಮ್ಮಾ. ಕೇಳಸ್ತೈತಿ ನನಗ" ಅಂದೆ. ಕೇಳಿಸುತ್ತಿತ್ತು. ಎರಡು ಮನೆಗೂ ಒಂದೇ ಗೋಡೆಯೇನೋ ಎಂಬಂತೆ ಅವಳ ಕೆಮ್ಮು ನನ್ನ ಅಡಿಗೆ ಮನೆಯಲ್ಲಿ ಕೇಳಿಸುತ್ತಿತ್ತು. ಆದರೂ ಎಲೆ ಎತ್ತಿಕೊಳ್ಳಲಿಲ್ಲ. ನಾನು ಒಳ್ಳೆಯವಳೆಂದು ಹೇಳಿಕೊಳ್ಳಲು ಈ ಕಥೆ ಹೇಳುತ್ತಿಲ್ಲ.

ಆ ವರ್ಷದ ಕಿಟಕಿಯ ಐದನೆಯ ದಿನ ನಾನು ಅಂಗಳದಲ್ಲಿ ಕೂತಿದ್ದಾಗ ಮಾಬೂಬಿ ಬಂದಳು. ಸೆರಗಿಗೆ, ಹುಬ್ಬಿಗೆ ಹತ್ತಿಯ ಎಳೆ ಅಂಟಿತ್ತು. ಅವಳೆಂದೂ ಆ ಹೊತ್ತಿಗೆ ಬಂದವಳಲ್ಲ, ಯಾರೂ ಬರುತ್ತಿರಲಿಲ್ಲ. "ಎಲಿ ಮಾತ ಎತ್ತಾಕ ಬಂದಿಲ್ಲಕ್ಕಾ. ಒಳಗ ಕೂಡಾಕ ಆಗವಲ್ತು, ಇಲ್ಲಿ ಗಾಳಿ ಐತಿ" ಅಂದಳು. ಮಣೆಯ ಅರ್ಧ ಬಿಟ್ಟುಕೊಟ್ಟೆ. ಇಬ್ಬರೂ ಕೂತೆವು. ಕಿಟಕಿ ಬಂತು, ಅವನು ಬಂದ. ಅವಳು ಬಹಳ ಹೊತ್ತು ನೋಡಿದಳು.

"ಕೈ ಎತ್ತಿ ಏನ ಹೇಳ್ತಾರಕ್ಕಾ ಅವರು?"

"ಬರಬ್ಯಾಡ ಅಂತಾರ."

ಅವಳಿಗೆ ಕೆಮ್ಮು ಬಂತು. ಮುಗಿಯುವವರೆಗೆ ಕಾದು, ಉಸಿರು ಹಿಡಿದುಕೊಂಡು, "ಬರಬ್ಯಾಡ ಅನ್ನಾಕ ಯಾರರ ವರ್ಷಾ ವರ್ಷಾ ಇಷ್ಟು ದೂರ ಬರ್ತಾರೇನು?" ಅಂದಳು. ವಾದಕ್ಕೆ ಅಂದದ್ದಲ್ಲ. ಸುಮ್ಮನೆ ತಿಳಿಯದೆ ಕೇಳಿದ ಹಾಗೆ ಕೇಳಿ, ಸೆರಗಿನ ಹತ್ತಿ ಕೀಳುತ್ತ ಕೂತಳು.

ಉಳಿದ ಆರು ದಿನ ಅವನ ಕೈಯನ್ನೇ ನೋಡಿದೆ. ಬರಬೇಡ ಅನ್ನುವ ಕೈ ಹೀಗಿರುತ್ತದೆಯೇ, ಬೆರಳು ಇಷ್ಟು ಮಡಚಿರುತ್ತದೆಯೇ ಎಂದು ನನ್ನದೇ ಕೈ ಎತ್ತಿ ಎತ್ತಿ ನೋಡಿಕೊಂಡೆ. ಇನ್ನೇನು ಹೇಳುತ್ತಿದ್ದಾನೆ ಎಂದು ಮಾತ್ರ ತಿಳಿಯಲಿಲ್ಲ. ಹನ್ನೆರಡನೆಯ ದಿನ ಬೆಳಿಗ್ಗೆ ಕಟ್ಟೆಯ ಮೇಲೆ ಮೂರನೆಯ ವರ್ಷದ ಎಲೆ ಸುರುಟಿ ಬಿದ್ದಿತ್ತು. ಒಣಗಿದ ಎಲೆ ಎತ್ತಿಕೊಂಡರೆ ನಡೆಯುತ್ತದೋ ಇಲ್ಲವೋ ಎಂದು ಕಟ್ಟಳೆಯಲ್ಲಿ ಹೇಳಿಲ್ಲ. ಎತ್ತಿಕೊಂಡು, ಬೇಲಿಯ ಹತ್ತಿರ ಹೋಗಿ, ದಾದಾಪೀರನಿಗೆ ಕಾಣುವಂತೆ ಬಾಯಿಗೆ ಹಾಕಿಕೊಂಡು ಅಗಿದೆ. ಹೊಟ್ಟು ಹೊಟ್ಟಾಗಿತ್ತು. ಅವನು ಬಿಲ್ಲು ಕೆಳಗಿಟ್ಟು ಎದ್ದು ನಿಂತ.

"ಅಕ್ಕಾ, ವಿಚಾರ ಮಾಡಿ ತಿನ್ನಾಕತ್ತೀ ಹೌದಲ್ಲೋ?"

"ತಿಂದಾತು. ಇನ್ನ ನೀ ಕಟ್ಟು."

ಬೇಸಿಗೆಯಲ್ಲಿ ಜಾಲಿ ಕಡಿದರು. ಕಲ್ಲು ಆರಿಸಿದರು. ಗೋಡೆ ಮೊಣಕಾಲಿಗೆ ಬಂತು, ಎದೆಗೆ ಬಂತು, ತಲೆ ದಾಟಿತು. ದಿನಾ ಅದನ್ನು ನೋಡುವುದು ನನಗೆ ಕಷ್ಟವಾಯಿತು. ಅವರಿಗೆ ಕಾಣದಂತೆ ಅತ್ತಿದ್ದೇನೆ. ಮಳೆಗಾಲ ಮುಗಿಯುವ ಹೊತ್ತಿಗೆ ಹತ್ತಿ, ಬಿಲ್ಲು ಎಲ್ಲ ಹೊಸ ಕೋಣೆಗೆ ಹೋದವು. ಮಾಬೂಬಿಯ ಕೆಮ್ಮು ಹತ್ತರಿಂದ ನಾಲ್ಕಕ್ಕೆ ಇಳಿಯಿತು. ದಾದಾಪೀರ ಕೋಣೆಯ ನಾಲ್ಕೂ ಮೈಗೆ ಗಾರೆ ಮೆತ್ತಿ ಬೆಳ್ಳಗೆ ಸುಣ್ಣ ಬಳಿದ. ನಮ್ಮ ಕಡೆಯ ಮೈಗೆ ಎರಡು ಸಲ ಬಳಿದ, ನನಗೆ ಚೆನ್ನಾಗಿ ಕಾಣಲಿ ಎಂದು.

ಚಳಿಗಾಲ ಬಂತು. ಮೊದಲ ದಿನ ಮಧ್ಯಾಹ್ನ ರೂಢಿಯಂತೆ ತಲೆ ಬಾಚಿಕೊಂಡೆ, ಬಾಚಿಕೊಂಡ ಮೇಲೆ ಯಾಕೆ ಅನ್ನಿಸಿತು. ಅಂಗಳಕ್ಕೆ ಹೋಗಲಿಲ್ಲ. ಬಾಗಿಲು ಮುಂದೆ ಮಾಡಿ ಅಡಿಗೆ ಮನೆಯಲ್ಲಿ ಅಕ್ಕಿ ಆರಿಸುತ್ತ ಕೂತೆ, ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸುತ್ತ. ಹೊರಗೆ ಬಿಸಿಲು ಹಳದಿಯಾಯಿತು. ಈಗ ಬಂದಿರುತ್ತಾನೆ, ಗೋಡೆಗೆ ತಾಗಿ ನಿಂತಿರುತ್ತಾನೆ, ಯಾರೂ ಕಾಯದ ಕಡೆ.

ಬಾಗಿಲು ಬಡಿದ ಸದ್ದು. ಮಾಬೂಬಿ. ಓಡಿ ಬಂದಿದ್ದಳು, ಕೆಮ್ಮಿರಲಿಲ್ಲ. "ಅಕ್ಕಾ, ನಿಮ್ಮ ಮನಿಯವರು ನಮ್ಮ ಗ್ವಾಡಿ ಮ್ಯಾಲ ಬಂದು ನಿಂತಾರ, ಬರ್ರಿ" ಅಂದಳು.

ನಿಮ್ಮ ಮನೆಯವರು. ಇಪ್ಪತ್ತೆಂಟು ವರ್ಷಗಳಲ್ಲಿ ಆ ಮಾತನ್ನು ನನಗೆ ಯಾರೂ ಅಂದಿರಲಿಲ್ಲ. ಮೊರ ಅಲ್ಲೇ ಬಿಟ್ಟು ಅವಳ ಹಿಂದೆ ನಡೆದೆ. ಬೇಲಿ ಸುತ್ತಿ, ಹೊಸ ಕೋಣೆ ಸುತ್ತಿ, ಪಡುವಣದ ಮೈಗೆ ಬಂದೆವು. ದಾದಾಪೀರ ಒಣ ಹಾಕಿದ್ದ ಹತ್ತಿಯನ್ನು ಅವಸರದಲ್ಲಿ ಪಕ್ಕಕ್ಕೆ ಸರಿಸಿ, ದಾರಿ ಬಿಟ್ಟು, ನನ್ನ ಮುಖ ನೋಡದೆ ದೂರ ಹೋಗಿ ನಿಂತ.

ಇಷ್ಟು ವರ್ಷ ನಾನು ಅವನನ್ನು ನೆಲದ ಮೇಲೆ ನೋಡಿದ್ದೆ, ಉದ್ದಕ್ಕೆ ಎಳೆದು ಮಲಗಿಸಿದಂತೆ, ಅದೂ ಅರ್ಧ. ಈಗ ಬಿಳಿ ಗೋಡೆಯ ಮೇಲೆ ಇಡೀ ಕಿಟಕಿ ಇತ್ತು. ಅವನು ಎದ್ದು ನಿಂತಿದ್ದ. ನನಗಿಂತ ಒಂದು ಗೇಣು ಎತ್ತರ, ಆಗ ಇದ್ದಷ್ಟೇ. ಅಂಗಿಯ ಮಡಚಿದ ತೋಳು ಕೂಡ ಕಾಣುತ್ತಿತ್ತು. ಎತ್ತಿದ ಕೈ ತಡೆಯುವ ಕೈ ಆಗಿರಲಿಲ್ಲ. ಬೆರಳು ಮಡಚಿ ಏನನ್ನೋ ಹಿಡಿದಿದ್ದ. ಆ ಹಿಡಿಯಿಂದ ಒಂದು ತೆಳ್ಳಗಿನ ಗೆರೆ ಕೆಳಗಿಳಿದು, ಕಿಟಕಿಯ ಬಿಸಿಲಿನ ತಳದವರೆಗೆ ಬಂದು, ಅಲ್ಲಿ ಸುಮ್ಮನೆ ತೂಗುತ್ತಿತ್ತು. ಅದರ ಮೇಲೆ ಮೊಳಕ್ಕೊಂದು ಗಂಟು.

ಹುರಿ. ನನ್ನ ತುದಿ. ಮೊದಲ ದಿನದಿಂದ ಅವನು ನನ್ನ ತುದಿಯನ್ನು ಕೆಳಗೆ ಬಿಟ್ಟು ನಿಂತಿದ್ದ, ಅಷ್ಟು ತೆಳ್ಳಗಿನ ಗೆರೆ ಅಂಗಳದ ಮಣ್ಣಿನ ಮೇಲೆ ನನಗೆ ಕಂಡಿರಲಿಲ್ಲ, ಅದರ ತುದಿ ಬೇಲಿಯಾಚೆ ಮುಳ್ಳಿನಲ್ಲಿ ಬೀಳುತ್ತಿತ್ತು. ನಾನು ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತು ಅವನಿಗೆ ಬೈಯುತ್ತಿದ್ದೆ.

ಗೋಡೆಯ ಹತ್ತಿರ ಹೋದೆ. ಒಂದು ಹೆಜ್ಜೆ ಇಟ್ಟರೆ ಕಿಟಕಿಯ ಬಿಸಿಲಿನೊಳಗೆ. ಅಪ್ಪನ ದನಿ ನೆನಪಾಯಿತು. ಇಲ್ಲಪ್ಪಾ, ಈ ಸಲ ಇಲ್ಲ, ಅಂದೆ. ಬಾಯಿಬಿಟ್ಟೇ ಅಂದಿರಬೇಕು, ಮಾಬೂಬಿ ನನ್ನ ಬೆನ್ನ ಮೇಲೆ ಕೈ ಇಟ್ಟು ತೆಗೆದಳು. ಕಾಲಿಟ್ಟೆ. ಗೋಡೆಯ ಮೇಲೆ ಅವನ ಪಕ್ಕಕ್ಕೆ ನನ್ನ ನೆರಳು ಬಂದು ನಿಂತಿತು. ಅಲ್ಲಿ ನನ್ನ ಕೂದಲೂ ಬೆಳ್ಳಗಿರಲಿಲ್ಲ. ಕೈ ಚಾಚಿ ಗೆರೆಯ ತುದಿಯ ಮೇಲೆ ಅಂಗೈ ಇಟ್ಟು ಮುಷ್ಟಿ ಹಿಡಿದೆ. ಸುಣ್ಣ ಬೆಚ್ಚಗಿತ್ತು. ಗೆರೆ ತೂಗುವುದು ನಿಂತಿತು.

ಒಂದು ಸಲ ಜಗ್ಗಿತು.

ಬಿಗಿಯಾಗಿ ಹಿಡಿದೆ. ಎಮ್ಮೆಯ ಪಕ್ಕ ನಿಂತು ಹಿಡಿಯುತ್ತಿದ್ದಂತೆ, ಅಂಗೈಗೆ ಸುತ್ತಿ ಹಿಡಿದೆ. ಎರಡನೆಯ ಜಗ್ಗಿಗೆ ಕಾದೆ, ಬಾರದಿರಲಿ ಎಂದುಕೊಂಡು ಕಾದೆ. ಬಿಸಿಲು ಗೋಡೆಯ ಮೇಲೆ ಏರಿತು, ಕಿಟಕಿ ಸೂರಿನ ಅಂಚಿಗೆ ಹೋಯಿತು, ಕೆಂಪಾಯಿತು, ಆರಿತು. ಗೋಡೆ ಮತ್ತೆ ಬರೀ ಗೋಡೆ. ಎರಡನೆಯದು ಬರಲಿಲ್ಲ.

ಎಷ್ಟು ಹೊತ್ತು ನಿಂತಿದ್ದೆನೋ, ದಾದಾಪೀರ ಚಾಪೆ ತಂದು ಹಾಸಿದ. ಕೂತೆ. ಮಾಬೂಬಿ ಒಳಗೆ ಹೋಗಿ ಚಹಾ ಮಾಡಿಕೊಂಡು ಬಂದು ಲೋಟ ನನ್ನ ಮುಂದೆ ಹಿಡಿದಳು. ನಾನು ಎಡಗೈ ಚಾಚಿದೆ.

"ಎಡಗೈ ಚಾಚಿದೆ ಅಂತ ತಪ್ಪ ತಿಳೀಬ್ಯಾಡವ್ವಾ" ಅಂದೆ. "ಬಲಗೈ ಖಾಲಿ ಇಲ್ಲ."